ಖಾಲಿ ರೈಡಿಗೂ ಉಸಿರು ಖರ್ಚಾಗುತ್ತದೆ

ಲಿಂಗನಮಕ್ಕಿಯಲ್ಲಿ ಇವತ್ತು ನೀರು ಎಷ್ಟು ಅಡಿ ಎಂದು ಸಾಗರದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. 1819 ಅಡಿ ತುಂಬಲು ಇನ್ನೆಷ್ಟು ಬಾಕಿ ಎನ್ನುವುದೂ ಬಾಯಲ್ಲೇ ಇರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ನಿನ್ನೆ ಎಷ್ಟು ಮಿಲಿಮೀಟರ್ ಮಳೆ ಹೊಯ್ದಿತು ಎನ್ನುವುದು ಮಳೆಗಾಲದಲ್ಲಿ ಕಾಫಿ ಕುಡಿಯುವುದರೊಳಗೆ ವಾಟ್ಸಾಪ್‌ಗೆ ಬಂದಿರುತ್ತದೆ. ಡೇರಿಗೆ ಹಾಲು ಹಾಕಿದರೆ ಲೀಟರೂ ಬರೆಯುತ್ತಾರೆ, ಫ್ಯಾಟೂ ಬರೆಯುತ್ತಾರೆ. ಅಡಿಕೆ ಸುಲಿದರೆ ಲೆಕ್ಕ, ಕೊನೆ ಕೊಯ್ದರೆ ಲೆಕ್ಕ.

ಅಂದರೆ ನಾವು ಲೆಕ್ಕ ಇಡಲು ಬಾರದ ಜನ ಅಲ್ಲ.

ಆದರೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಮುಗಿದ ಬೆಳಿಗ್ಗೆ ಸಂಘಟಕರನ್ನು ಹಿಡಿದು ನಿಲ್ಲಿಸಿ ಕೇಳಿ. ಗೆದ್ದ ತಂಡದ ರೈಡರ್ ರಾತ್ರಿಯಿಡೀ ಎಷ್ಟು ನಿಮಿಷ ಆಡಿದ? ಎಷ್ಟು ಸಲ ಎದುರಾಳಿಯ ಅಂಕಣಕ್ಕೆ ಹೋಗಿ ಬಂದ? ಎಷ್ಟು ಸಲ ನಾಲ್ಕು ಜನರ ಅಡಿಗೆ ಬಿದ್ದ? ಸೆಮಿಫೈನಲ್‌ಗೂ ಫೈನಲ್‌ಗೂ ನಡುವೆ ಅವನಿಗೆ ಎಷ್ಟು ಹೊತ್ತು ವಿಶ್ರಾಂತಿ ಸಿಕ್ಕಿತು? ಒಂದಕ್ಕೂ ಉತ್ತರ ಇರುವುದಿಲ್ಲ. ಟ್ರೋಫಿ ಎಷ್ಟು ಅಡಿ ಎತ್ತರ ಎಂದು ಕೇಳಿದರೆ ಮಾತ್ರ ಥಟ್ಟನೆ ಹೇಳುತ್ತಾರೆ.

ನನ್ನ ಜಗಳ ಇಷ್ಟೇ. ಈ ಲೆಕ್ಕ ಇಡುವುದು ಕಷ್ಟ ಅಲ್ಲ, ದುಬಾರಿಯೂ ಅಲ್ಲ. ಒಂದು ಪುಸ್ತಕ, ಒಂದು ಪೆನ್ನು ಸಾಕು. ಆದರೂ ಇಡುತ್ತಿಲ್ಲ ಅಂದರೆ, ಲೆಕ್ಕ ಇಟ್ಟರೆ ಕಣ್ಣಿಗೆ ಬೀಳುವುದನ್ನು ನೋಡಲು ನಮಗೆ ಮನಸ್ಸಿಲ್ಲ ಅಂತಲೇ ಅರ್ಥ.

ಒಂದು ರಾತ್ರಿಯ ಲೆಕ್ಕ

ಬನ್ನಿ, ಒಂದು ರಾತ್ರಿಯ ಲೆಕ್ಕ ಕೂಡಿಸೋಣ. ಹದಿನಾರು ತಂಡ, ನಾಕೌಟ್, ಒಂದೇ ಅಂಕಣ. ಅಧಿಕೃತ ನಿಯಮದ ಗಂಡಸರ ಪಂದ್ಯ 20-20 ನಿಮಿಷದ್ದು. ನಮ್ಮ ಕಡೆ ಸಮಯ ಸಾಲದು ಎಂದು ಅದನ್ನು ಕಡಿಮೆ ಮಾಡುತ್ತಾರೆ. 15-15 ಅಂತಲೇ ಇಟ್ಟುಕೊಳ್ಳಿ. ನಡುವೆ 5 ನಿಮಿಷದ ಬಿಡುವು, ಪಂದ್ಯ ಮುಗಿದು ಮುಂದಿನ ತಂಡ ಅಂಕಣಕ್ಕೆ ಇಳಿಯಲು 10 ನಿಮಿಷ. ಒಂದು ಪಂದ್ಯಕ್ಕೆ 45 ನಿಮಿಷ ಆಯಿತು.

ಹದಿನಾರು ತಂಡದ ನಾಕೌಟ್ ಅಂದರೆ 15 ಪಂದ್ಯ. 15ನ್ನು 45ರಿಂದ ಗುಣಿಸಿದರೆ 675 ನಿಮಿಷ, ಅಂದರೆ ಹನ್ನೊಂದೂಕಾಲು ಗಂಟೆ. ರಾತ್ರಿ 9ಕ್ಕೆ ಸರಿಯಾಗಿ ಶುರುವಾದರೂ ಎಲ್ಲ ಮುಗಿಯುವಾಗ ಬೆಳಿಗ್ಗೆ 8 ಗಂಟೆ ದಾಟುತ್ತದೆ. ಸರಿಯಾಗಿ 9ಕ್ಕೆ ಶುರುವಾಗುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಮೊದಲು ಸಭಾ ಕಾರ್ಯಕ್ರಮ. ದೀಪ ಹಚ್ಚಬೇಕು, ಶಾಲು ಹೊದೆಸಬೇಕು, ಅತಿಥಿಗಳು ಒಬ್ಬೊಬ್ಬರೇ ‘ಸೋಲು ಗೆಲುವು ಸಮಾನವಾಗಿ ಸ್ವೀಕರಿಸಿ’ ಎಂದು ಹೇಳಿ ಕಾರು ಹತ್ತಬೇಕು. ಅಷ್ಟರಲ್ಲಿ ಹತ್ತೂವರೆ. ಹುಡುಗರು ಆಗಲೇ ಎರಡು ಸಲ ವಾರ್ಮ್ ಅಪ್ ಮಾಡಿ ಎರಡು ಸಲ ತಣ್ಣಗಾಗಿರುತ್ತಾರೆ.

ಅದಿರಲಿ, 9ಕ್ಕೇ ಶುರುವಾಯಿತು ಅನ್ನೋಣ. ಮೊದಲ ಸುತ್ತಿನ 8 ಪಂದ್ಯ ಮುಗಿಯಲು ರಾತ್ರಿ 3 ಗಂಟೆ. ಕ್ವಾರ್ಟರ್ ಫೈನಲ್‌ನ 4 ಪಂದ್ಯ ಮುಗಿಯಲು ಬೆಳಿಗ್ಗೆ 6. ಕೊನೆಯ ಕ್ವಾರ್ಟರ್ ಆಡುವ ತಂಡ 5.15ಕ್ಕೆ ಇಳಿಯುತ್ತದೆ. ಎರಡನೇ ಸೆಮಿಫೈನಲ್ 6.45ಕ್ಕೆ. ಫೈನಲ್ 7.30ಕ್ಕೆ. ಆ ತಂಡಕ್ಕೆ ಮೂರು ಗಂಟೆಯೊಳಗೆ ಮೂರು ಪಂದ್ಯ. ಸೆಮಿಫೈನಲ್ ಮುಗಿದದ್ದು 7.20ಕ್ಕೆ, ಫೈನಲ್‌ನ ಸೀಟಿ 7.30ಕ್ಕೆ. ಹತ್ತು ನಿಮಿಷ. ಅದೂ ಇಡೀ ರಾತ್ರಿ ನಿದ್ದೆಗೆಟ್ಟ ಮೇಲೆ.

ಇದನ್ನು ಟಿವಿಯಲ್ಲಿ ನೋಡುವ ಪ್ರೊ ಕಬಡ್ಡಿಯ ಪಕ್ಕ ಇಟ್ಟು ನೋಡಿ. ಎಂಟನೇ ಸೀಸನ್ ಕೊರೊನಾ ಕಾಲದಲ್ಲಿ ಪೂರ್ತಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಒಂದೇ ಜಾಗದಲ್ಲಿ ನಡೆಯಿತು. 2021ರ ಡಿಸೆಂಬರ್ 22ಕ್ಕೆ ಶುರುವಾಗಿ ಫೆಬ್ರುವರಿಯಲ್ಲಿ ಮುಗಿಯಿತು. ಲೀಗ್ ಹಂತದಲ್ಲಿ ಒಂದೊಂದು ತಂಡಕ್ಕೆ 22 ಪಂದ್ಯ. ಸುಮಾರು ಎರಡು ತಿಂಗಳಿಗೆ ಹಂಚಿದರೆ ಎರಡೂವರೆ, ಮೂರು ದಿನಕ್ಕೆ ಒಂದು ಪಂದ್ಯ. ಫಿಸಿಯೊ ಇದ್ದಾರೆ, ಐಸ್ ಇದೆ, ಊಟಕ್ಕೆ ಜನ ಇದ್ದಾರೆ. ಅಷ್ಟೆಲ್ಲ ಇದ್ದವರಿಗೇ ಅಷ್ಟು ಬಿಡುವು ಬೇಕು. ಏನೂ ಇಲ್ಲದ ನಮ್ಮ ಹುಡುಗ ಹತ್ತು ನಿಮಿಷದಲ್ಲಿ ಎದ್ದು ನಿಲ್ಲಬೇಕು.

‘ನಮ್ಮ ಹುಡುಗರು ಗಟ್ಟಿ ಮಾರಾಯ್ರೆ’

ಈ ಮಾತು ತೆಗೆದರೆ ಸಂಘಟಕರ ಕಡೆಯಿಂದ ಬರುವ ಮೊದಲ ಉತ್ತರ ಇದು. ‘ಎಂತ ಮಾರಾಯ್ರೆ, ಮರ ಹತ್ತಿ ಇಳಿಯುವ ಹುಡುಗರು. ನಾವು ಗದ್ದೆ ಕೊಯ್ಲಾದ ಮೇಲೆ ಕೂಳೆ ಮೇಲೇ ಆಡಿದವರು. ನಮಗೆ ಎಂತ ಆಗಿದೆ?’

ಗಟ್ಟಿ ಇದ್ದಾರೆ, ಒಪ್ಪಿದೆ. ಅದೇ ತೊಂದರೆ. ಪಂದ್ಯಾವಳಿಯ ಕಾಲ ಅಂದರೆ ಅಡಿಕೆ ಕೊಯ್ಲಿನ ಕಾಲ. ರಾತ್ರಿ ರೈಡ್ ಮಾಡುವವನು ಹಗಲು ತೋಟದಲ್ಲಿದ್ದವನು, ಇಲ್ಲವೇ ಗಾರೆ ಕೆಲಸಕ್ಕೆ ಹೋದವನು, ಇಲ್ಲವೇ ಪಿಕಪ್‌ಗೆ ಮೂಟೆ ತುಂಬಿದವನು. ಅವನ ದುಡಿಮೆ ರಾತ್ರಿ 9ಕ್ಕೆ ಶುರುವಾಗುವುದಿಲ್ಲ, ಬೆಳಿಗ್ಗೆ 8ಕ್ಕೇ ಶುರುವಾಗಿರುತ್ತದೆ. ಪ್ರೊ ಕಬಡ್ಡಿಯವನಿಗೆ ಆಟವೇ ಕೆಲಸ. ನಮ್ಮವನಿಗೆ ಕೆಲಸ ಮುಗಿದ ಮೇಲೆ ಆಟ, ಆಟ ಮುಗಿದ ಮೇಲೆ ಮತ್ತೆ ಕೆಲಸ.

ಇನ್ನು ‘ನಮ್ಮ ಕಾಲದಲ್ಲಿ’ ಎನ್ನುವ ಮಾತು. ನಿಮ್ಮ ಕಾಲದಲ್ಲಿ ಗದ್ದೆಯಲ್ಲಿ ಆಡಿ ಕತ್ತಲಾದಾಗ ಮನೆಗೆ ಹೋಗುತ್ತಿದ್ದಿರಿ. ಫ್ಲಡ್‌ಲೈಟ್ ಇರಲಿಲ್ಲ, ಸೂರ್ಯನೇ ಅಂಪೈರ್. ಲೈಟು ಬಂದ ಮೇಲೆ ಆಟ ನಿಲ್ಲಿಸುವವರು ಯಾರೂ ಇಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10 ಗಂಟೆಯ ಗಡಿ ಎಂದು ಕಾನೂನಿದೆ. ಮೈಕಿಗೆ ಇರುವ ಗಡಿ ಮೈಗೆ ಇಲ್ಲ.

ಒಂದು ಅಳತೆ ಮಾತ್ರ ನಮ್ಮ ಪಂದ್ಯಾವಳಿಗಳಲ್ಲಿ ತಪ್ಪದೆ ನಡೆಯುತ್ತದೆ: ತೂಕ. 55 ಕೆ.ಜಿ., 60 ಕೆ.ಜಿ. ವಿಭಾಗ ಎಂದು ಬ್ಯಾನರ್ ಹಾಕಿ, ತೂಕದ ಮೆಷಿನ್ ತಂದು, ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡುತ್ತಾರೆ. ಅರ್ಧ ಕೆ.ಜಿ. ಹೆಚ್ಚಿದ್ದರೆ ಆ ಹುಡುಗ ಓಡಿ ಬೆವರಿಳಿಸಿ ಬರುತ್ತಾನೆ. ಕೆಲವರು ಹಿಂದಿನ ದಿನದಿಂದಲೇ ಊಟ ಬಿಟ್ಟಿರುತ್ತಾರೆ, ನೀರು ಬಿಟ್ಟಿರುತ್ತಾರೆ. ಹಾಗೆ ಒಣಗಿದ ಮೈಯಲ್ಲೇ ರಾತ್ರಿಯಿಡೀ ಆಡುತ್ತಾರೆ. ಅಂದರೆ ನಾವು ಅಳೆಯುವುದು ಅವನನ್ನು ಹೊರಗಿಡಲು ಮಾತ್ರ. ಒಳಗೆ ಬಂದ ಮೇಲೆ ಅವನ ಮೈ ಏನಾಗುತ್ತದೆ ಎಂದು ಅಳೆಯುವವರಿಲ್ಲ.

ಮೊಣಕಾಲು ಹೋದವನ ಕಥೆ

ನನಗೆ ಗೊತ್ತಿರುವ ಒಬ್ಬ ರೈಡರ್ ಇದ್ದಾನೆ. ಹೆಸರು, ಊರು ಬೇಡ. ಈ ಮೂರು ತಾಲ್ಲೂಕುಗಳಲ್ಲಿ ಕಬಡ್ಡಿ ನೋಡುವ ಎಲ್ಲರಿಗೂ ಇಂಥ ಒಬ್ಬ ಗೊತ್ತಿರುತ್ತಾನೆ. ಚೆನ್ನಾಗಿ ಆಡುತ್ತಾನೆ ಎಂದು ಬೇರೆ ಊರಿನ ತಂಡದವರು ಬೈಕ್ ಕಳಿಸಿ ಕರೆಸುತ್ತಿದ್ದರು. ಒಂದು ಶನಿವಾರ ಒಂದು ಊರಿನಲ್ಲಿ ಎರಡು ಪಂದ್ಯ ಆಡಿದ. ಆ ತಂಡ ಸೋತಿತು. ಅಲ್ಲಿಂದ ರಾತ್ರಿ ಒಂದು ಗಂಟೆಗೆ ಬೈಕಿನ ಹಿಂದೆ ಕೂತು ನಲವತ್ತು ಕಿಲೋಮೀಟರ್ ಆಚೆ ಇನ್ನೊಂದು ಊರಿಗೆ ಹೋಗಿ, ಬೇರೆ ಜರ್ಸಿ ಹಾಕಿ ಮತ್ತೆ ಮೂರು ಪಂದ್ಯ. ಐದನೇ ಪಂದ್ಯದಲ್ಲಿ, ಬೆಳಗಿನ ಜಾವ, ಯಾರೂ ಮುಟ್ಟದೆಯೇ, ತಿರುಗುವಾಗ ಮೊಣಕಾಲು ತಪ್ಪಿತು.

ಸಂಘಟಕರು ಒಳ್ಳೆಯವರೇ. ಓಮ್ನಿಯಲ್ಲಿ ಆಸ್ಪತ್ರೆಗೆ ಕಳಿಸಿದರು. ಮೈಕಿನಲ್ಲಿ ಹೇಳಿ ಸ್ವಲ್ಪ ದುಡ್ಡೂ ಎತ್ತಿಕೊಟ್ಟರು. ಆ ದುಡ್ಡು ಸ್ಕ್ಯಾನಿಂಗ್‌ಗೆ ಆಯಿತು. ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಬೇಕು, ಆಮೇಲೂ ಒಂಬತ್ತು ತಿಂಗಳು ಆಟ ಇಲ್ಲ ಎಂದರು ಡಾಕ್ಟರು. ಆಟ ಹೋದರೆ ಹೋಗಲಿ. ಅವನು ಮರ ಹತ್ತುವಂತಿಲ್ಲ. ಮನೆಯಲ್ಲಿ ದುಡಿಯುವವನು ಅವನೇ.

ವಿಮೆ? ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅವನಿಗೂ ಇತ್ತು. ಅದು ಅಪಘಾತದಲ್ಲಿ ಸತ್ತರೆ, ಶಾಶ್ವತವಾಗಿ ಅಂಗ ಊನವಾದರೆ ಬರುವ ದುಡ್ಡು. ಲಿಗಮೆಂಟ್ ಹರಿದವನಿಗೆ ಅಲ್ಲ.

‘ಅದು ಅವನ ಹಣೆಬರಹ’ ಎಂದರು ಒಬ್ಬರು. ಹಣೆಬರಹ ಅಲ್ಲ, ಸ್ವಾಮಿ. ದಣಿದ ಸ್ನಾಯು ಕೀಲನ್ನು ಹಿಡಿದುಕೊಳ್ಳುವುದಿಲ್ಲ. ಕಾಲು ಊರುವುದು, ತಿರುಗುವುದು ಅರೆಕ್ಷಣ ತಡವಾಗುತ್ತದೆ. ಇಡೀ ಭಾರ ಲಿಗಮೆಂಟ್ ಮೇಲೆ ಬೀಳುತ್ತದೆ. ಮೊದಲ ಪಂದ್ಯದಲ್ಲಿ ತಿರುಗಿದ ಹಾಗೆ ಐದನೇ ಪಂದ್ಯದಲ್ಲಿ ತಿರುಗಲು ಆಗುವುದಿಲ್ಲ. ಐದನೇ ಪಂದ್ಯ ಎಂದು ಬರೆದುಕೊಂಡವರು ಇದ್ದಿದ್ದರೆ ಯಾರಾದರೂ ‘ಸಾಕು, ಕೂತ್ಕೋ’ ಎನ್ನುತ್ತಿದ್ದರು. ಬರೆದುಕೊಂಡವರೇ ಇರಲಿಲ್ಲ. ಎರಡನೇ ಊರಿನವರ ಪಾಲಿಗೆ ಅವನು ಆಗಷ್ಟೇ ಬಂದ ಹೊಸ ಆಟಗಾರ.

ಮೊಣಕಾಲಿಗಿಂತ ದೊಡ್ಡ ಭಯವೂ ಇದೆ. 2022ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಒಂದು ಹಳ್ಳಿ ಕಬಡ್ಡಿಯಲ್ಲಿ 22 ವರ್ಷದ ಹುಡುಗ ರೈಡ್ ಮಾಡುತ್ತಲೇ ಕುಸಿದು ತೀರಿಕೊಂಡ. ಆ ವಿಡಿಯೊ ನಮ್ಮ ಮೊಬೈಲುಗಳಿಗೂ ಬಂದಿತ್ತು. ಅವನು ದಣಿದು ಸತ್ತ ಎಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಬೇರೆ: ಅದೇ ನಮ್ಮ ಅಂಕಣದಲ್ಲಿ ಆದರೆ? ಹೃದಯ ನಿಂತಾಗ ಎದೆ ಒತ್ತುವುದನ್ನು ತಕ್ಷಣ ಶುರು ಮಾಡಬೇಕು, ನಿಮಿಷಕ್ಕೆ 100ರಿಂದ 120 ಸಲ. ಒಂದೊಂದು ನಿಮಿಷ ತಡವಾದಂತೆ ಬದುಕುವ ಆಸೆ ಕರಗುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುವ ವ್ಯವಸ್ಥೆ ಬಂದಿದೆ, ಒಳ್ಳೆಯದೇ. ಆದರೆ ಒಳಹಳ್ಳಿಯ ಮೈದಾನದಿಂದ ತಾಲ್ಲೂಕು ಆಸ್ಪತ್ರೆಗೇ ಅರ್ಧ, ಮುಕ್ಕಾಲು ಗಂಟೆ. ಶಿವಮೊಗ್ಗದ ಮೆಗ್ಗಾನ್ ಇನ್ನೂ ದೂರ. ಮಣಿಪಾಲ ಅಂದರೆ ಘಾಟಿ ಇಳಿಯಬೇಕು. ದೊಡ್ಡಾಸ್ಪತ್ರೆ ದೂರ ಇರುವ ಊರಿನವರು ಉಳಿದವರಿಗಿಂತ ಹೆಚ್ಚು ಎಚ್ಚರ ಇರಬೇಕೋ, ಕಡಿಮೆಯೋ?

ಇನ್ನೊಂದು ಮಾತು. ಡಿಸೆಂಬರ್‌ನಿಂದ ಮೇವರೆಗೆ ನಮ್ಮ ಮೂರೂ ತಾಲ್ಲೂಕಿಗೆ ಮಂಗನ ಕಾಯಿಲೆಯ ಭಯ ಇರುವ ಕಾಲ. ಕಬಡ್ಡಿಯ ಕಾಲವೂ ಅದೇ. ಜ್ವರ ಬಂದರೆ ಪರೀಕ್ಷೆ ಮಾಡಿಸಿ ಎಂದು ಆರೋಗ್ಯ ಇಲಾಖೆ ಡಂಗುರ ಹೊಡೆಯುತ್ತದೆ. ನಮ್ಮ ಹುಡುಗರು ಮಾತ್ರೆ ನುಂಗಿ ಅಂಕಣಕ್ಕೆ ಇಳಿಯುತ್ತಾರೆ. ಯಾವ ಜ್ವರವೇ ಆಗಲಿ, ವೈರಸ್ ಮೈಯಲ್ಲಿದ್ದಾಗ ಮೈ ಮುರಿಯುವಷ್ಟು ಆಡಿದರೆ ಹೃದಯದ ಸ್ನಾಯುವಿಗೇ ಪೆಟ್ಟು ಬೀಳಬಹುದು. ನೀರು ಕುಡಿಯದ ಮೈಗೆ ನೋವಿನ ಮಾತ್ರೆ ಹಾಕಿದರೆ ಕಿಡ್ನಿಗೆ ಪೆಟ್ಟು. ‘ಜ್ವರ ಇದೆಯಾ’ ಎಂದು ಕೇಳಿ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು?

ಜಗತ್ತು ಹೇಗೆ ಅಳೆಯುತ್ತದೆ

ಫುಟ್‌ಬಾಲ್ ಆಟಗಾರರು ಜರ್ಸಿಯ ಒಳಗೆ ಕಪ್ಪು ಬನಿಯನ್ ಥರದ್ದು ಹಾಕಿರುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಕತ್ತಿನ ಕೆಳಗೆ, ಬೆನ್ನಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಉಬ್ಬು ಇರುತ್ತದೆ. ಅದು ಜಿಪಿಎಸ್ ಸಾಧನ. ಆಟಗಾರ ಎಷ್ಟು ಓಡಿದ, ಎಷ್ಟು ಜೋರಾಗಿ ಓಡಿದ, ಎಷ್ಟು ಸಲ ಥಟ್ಟನೆ ನಿಂತು ತಿರುಗಿದ ಎಂದು ಸೆಕೆಂಡಿಗೆ ಹತ್ತು ಸಲ ಬರೆದುಕೊಳ್ಳುತ್ತದೆ. ಪಂದ್ಯದ ವೇಳೆಯಲ್ಲೇ ಇದನ್ನು ಧರಿಸಲು 2015ರಲ್ಲಿ ಅವಕಾಶ ಸಿಕ್ಕಿತು. ನಮ್ಮ ಭಾರತದ ಹಾಕಿ ತಂಡಗಳು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಇದನ್ನು ಕಟ್ಟಿಕೊಂಡೇ ತಯಾರಾಗುತ್ತವೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನಾಲ್ಕನೇ ಸ್ಥಾನಕ್ಕೆ ಬಂದಾಗ ಎಲ್ಲರೂ ಅವರ ಫಿಟ್‌ನೆಸ್ ಹೊಗಳಿದರು. ಅದರ ಹಿಂದೆ ವೇಯ್ನ್ ಲೊಂಬಾರ್ಡ್ ಎಂಬ ದಕ್ಷಿಣ ಆಫ್ರಿಕಾದ ವೈಜ್ಞಾನಿಕ ಸಲಹೆಗಾರ ವರ್ಷಗಟ್ಟಲೆ ಇಟ್ಟ ಲೆಕ್ಕ ಇತ್ತು. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಹೊರಗೆ ಕರೆದು ಕೂರಿಸಬಹುದು. ಯಾರನ್ನು ಯಾವಾಗ ಕೂರಿಸಬೇಕು ಎನ್ನಲು ಇಂಥ ಲೆಕ್ಕವೇ ದಾರಿ.

ಇದನ್ನು ಹೇಳಿದ ಕೂಡಲೇ ಕೆಲವರು, ‘ಹೌದಪ್ಪ, ಅಷ್ಟು ದುಡ್ಡಿನ ಮೆಷಿನ್ ನಾವು ಎಲ್ಲಿಂದ ತರೋಣ?’ ಎಂದು ಕೈ ಚೆಲ್ಲುತ್ತಾರೆ. ಅಲ್ಲಿಗೆ ಮಾತು ಮುಗಿಯಿತು ಎಂದು ಅವರ ಲೆಕ್ಕ.

ಮೆಷಿನ್ ಬೇಡವೇ ಬೇಡ. 13 ಮೀಟರ್ ಉದ್ದ, 10 ಮೀಟರ್ ಅಗಲದ ಕಬಡ್ಡಿ ಅಂಕಣದಲ್ಲಿ ಜಿಪಿಎಸ್ ಹೇಳುವುದೂ ಅಷ್ಟಕ್ಕಷ್ಟೆ. ಅದು ದೂರ ಅಳೆಯುವ ಸಾಧನ. ಕಬಡ್ಡಿಯಲ್ಲಿ ಮೈ ಸವೆಯುವುದು ದೂರ ಓಡಿ ಅಲ್ಲ. ಬಗ್ಗಿ, ಎಗರಿ, ಎಳೆದು, ಎಳೆಸಿಕೊಂಡು, ಉಸಿರು ಬಿಗಿಹಿಡಿದು.

ಅದಕ್ಕಿಂತ ಮುಖ್ಯ, ಈ ಲೆಕ್ಕ ಮೆಷಿನ್‌ನಿಂದ ಹುಟ್ಟಿದ್ದೇ ಅಲ್ಲ. ಇಂಗ್ಲೆಂಡಿನಲ್ಲಿ ಟಾಮ್ ರೈಲಿ ಮತ್ತು ವಾಘನ್ ಥಾಮಸ್ ಎಂಬ ಇಬ್ಬರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫುಟ್‌ಬಾಲ್ ಆಟಗಾರ ಒಂದು ಪಂದ್ಯದಲ್ಲಿ ಎಂಟೊಂಬತ್ತು ಕಿಲೋಮೀಟರ್ ಓಡಾಡುತ್ತಾನೆ ಎಂದು ತೋರಿಸಿದರು. ಉಪಗ್ರಹ ಇರಲಿಲ್ಲ. ಮೈದಾನದ ಪಕ್ಕ ಕೂತು ಒಬ್ಬನೇ ಆಟಗಾರನ ಮೇಲೆ ಕಣ್ಣಿಟ್ಟು, ಅವನು ನಡೆದ ಹೆಜ್ಜೆ, ಓಡಿದ ಹೆಜ್ಜೆ ಎಣಿಸಿ ಟೇಪ್ ರೆಕಾರ್ಡರ್‌ಗೆ ಹೇಳಿ ಲೆಕ್ಕ ಹಾಕಿದರು. ಇವತ್ತಿನ ಜಿಪಿಎಸ್ ಬನಿಯನ್ನಿನ ಅಜ್ಜ ಅಂದರೆ ಆ ಟೇಪ್ ರೆಕಾರ್ಡರ್.

ಅಮೆರಿಕದಲ್ಲಿ ಲಿಟಲ್ ಲೀಗ್ ಎಂದು ಮಕ್ಕಳ ಬೇಸ್‌ಬಾಲ್ ಇದೆ. ನಮ್ಮ ಬೌಲರ್ ಇದ್ದ ಹಾಗೆ ಅಲ್ಲಿ ಚೆಂಡು ಎಸೆಯುವವನಿರುತ್ತಾನೆ. ಎಸೆದೆಸೆದು ಮಕ್ಕಳ ಮೊಣಕೈ ಹಾಳಾಗುತ್ತಿತ್ತು. 2007ರಿಂದ ನಿಯಮ ಬಂತು: 11, 12 ವರ್ಷದ ಮಗು ದಿನಕ್ಕೆ 85 ಎಸೆತ ದಾಟುವಂತಿಲ್ಲ. 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಎಣಿಸುವವರು ವಿಜ್ಞಾನಿಗಳಲ್ಲ, ಊರಿನವರು. ಸಾಧನ ಪೆನ್ಸಿಲ್ಲು. ಮಗುವಿನ ಕೈ ಉಳಿಸಲು ಅವರು ಪೆನ್ಸಿಲ್ ಹಿಡಿಯಬಹುದಾದರೆ ನಮಗೇನು ಕಷ್ಟ?

ನಮ್ಮ ಪುಸ್ತಕ ಹೇಗಿರಬೇಕು

ಸ್ಕೋರರ್ ಮೇಜಿನ ಮೇಲೆ ಈಗಲೂ ಪುಸ್ತಕ ಇದೆ. ಪಾಯಿಂಟ್ ತಂದವನ ನಂಬರ್ ಅದರಲ್ಲಿ ಬೀಳುತ್ತದೆ. ಬರಿಗೈಯಲ್ಲಿ ವಾಪಸ್ ಬಂದವನದ್ದು ಬೀಳುವುದಿಲ್ಲ. ಆದರೆ ಖಾಲಿ ರೈಡಿಗೂ ಉಸಿರು ಅಷ್ಟೇ ಖರ್ಚಾಗುತ್ತದೆ. ಒಂದು ರೈಡಿಗೆ 30 ಸೆಕೆಂಡ್. 15-15 ನಿಮಿಷದ ಪಂದ್ಯದಲ್ಲಿ ಎರಡೂ ಕಡೆ ಸೇರಿ 60 ರೈಡ್, ಒಂದು ತಂಡಕ್ಕೆ 30. ಅದರಲ್ಲಿ ಅರ್ಧ ಒಬ್ಬನೇ ಹೋಗುತ್ತಾನೆ ಅಂದರೆ ಪಂದ್ಯಕ್ಕೆ 15. ನಾಲ್ಕು ಪಂದ್ಯಕ್ಕೆ 60. ಈ ಅಂಕಿ ಇವತ್ತು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಸ್ಕೋರರ್ ಪಕ್ಕದಲ್ಲಿ ಇನ್ನೊಬ್ಬನನ್ನು ಕೂರಿಸಿ. ಪಿಯುಸಿ ಓದುವ ಹುಡುಗಿಯೋ ಹುಡುಗನೋ ಸಾಕು. ಪ್ರತಿ ಆಟಗಾರನ ಹೆಸರಿನ ಮುಂದೆ ನಾಲ್ಕು ಗೀಟು: ಎಷ್ಟು ನಿಮಿಷ ಅಂಕಣದಲ್ಲಿದ್ದ, ಎಷ್ಟು ರೈಡ್, ಎಷ್ಟು ಸಲ ಹಿಡಿತದಲ್ಲಿ ಬಿದ್ದ ಅಥವಾ ಹಿಡಿದ, ಹಿಂದಿನ ಪಂದ್ಯ ಮುಗಿದು ಎಷ್ಟು ಹೊತ್ತಾಯಿತು.

ಐದನೆಯದು ಒಂದು ಪ್ರಶ್ನೆ. ಪಂದ್ಯ ಮುಗಿದು ಅರ್ಧ ಗಂಟೆ ಬಿಟ್ಟು ಆಟಗಾರನನ್ನು ಕೇಳುವುದು: ‘ಹತ್ತಕ್ಕೆ ಎಷ್ಟು ಸುಸ್ತು?’ ಇದು ನಾನು ಕಟ್ಟಿದ್ದಲ್ಲ. ಕಾರ್ಲ್ ಫಾಸ್ಟರ್ ಎಂಬ ಅಮೆರಿಕದ ವಿಜ್ಞಾನಿ ರೂಢಿಗೆ ತಂದ ವಿಧಾನ, ಇವತ್ತಿಗೂ ದೊಡ್ಡ ದೊಡ್ಡ ತಂಡಗಳು ಜಿಪಿಎಸ್ ಜೊತೆ ಇದನ್ನೂ ಬಳಸುತ್ತವೆ. ಆಟಗಾರ ಹೇಳಿದ ಅಂಕಿಯನ್ನು ಆಡಿದ ನಿಮಿಷದಿಂದ ಗುಣಿಸಬೇಕು. ಮೊದಲ ಪಂದ್ಯ 30 ನಿಮಿಷ, ಸುಸ್ತು 5 ಅಂದರೆ 150. ಎರಡನೆಯದರಲ್ಲಿ ಸುಸ್ತು 7 ಅಂದರೆ 210. ಮೂರನೆಯದರಲ್ಲಿ 9 ಅಂದರೆ 270. ಆಡಿದ ನಿಮಿಷ ಅಷ್ಟೇ ಇದೆ, ಆದರೆ ಮೈ ತೆತ್ತ ಬೆಲೆ ಹತ್ತಿರ ಹತ್ತಿರ ಎರಡರಷ್ಟಾಗಿದೆ. ಸ್ಕೋರ್‌ಬೋರ್ಡ್ ತೋರಿಸದ್ದನ್ನು ಈ ಗುಣಾಕಾರ ತೋರಿಸುತ್ತದೆ.

‘ಹುಡುಗರು ಸುಳ್ಳು ಹೇಳ್ತಾರೆ, ಹೊರಗೆ ಕೂರಿಸ್ತಾರೆ ಅಂತ ಹೆದರಿ ಮೂರು ಅಂತಾರೆ’ ಎನ್ನಬಹುದು. ಹೇಳುತ್ತಾರೆ. ಅದಕ್ಕೇ ಉಳಿದ ನಾಲ್ಕು ಗೀಟು ಹೊರಗಿನವರು ಎಣಿಸಬೇಕು. ಹದಿನೈದು ರೈಡ್ ಹೋದವನು ‘ಮೂರು’ ಎಂದರೆ ಎದುರು ಕೂತವರಿಗೆ ಅರ್ಥವಾಗುತ್ತದೆ.

ಆದರೆ ಒಂದು ಎಚ್ಚರ. ಈ ಪುಸ್ತಕ ಆಟಗಾರನದು. ‘ಇವನು ಬೇಗ ಸುಸ್ತಾಗ್ತಾನೆ, ಬಿಡಿ’ ಎಂದು ಅವನನ್ನು ತಂಡದಿಂದ ತೆಗೆಯಲು ಬಳಸಿದರೆ ನಾಳೆಯಿಂದ ಯಾರೂ ನಿಜ ಹೇಳುವುದಿಲ್ಲ. ಲೆಕ್ಕ ಇರುವುದು ಅವನನ್ನು ಉಳಿಸಿಕೊಳ್ಳಲು.

ವಾಲಿಬಾಲ್‌ಗೂ ಇದೇ. ಅಲ್ಲಿ ರೈಡ್ ಬದಲು ಎಗರಿದ್ದು ಎಣಿಸಿ. ಸ್ಮ್ಯಾಶರ್‌ನ ಮೊಣಚಿಪ್ಪಿನ ಕೆಳಗಿನ ನೋವು ಎಗರಿ ಇಳಿದ ಲೆಕ್ಕದ ಬಡ್ಡಿ. ಶಾಲೆಯ ಕ್ರೀಡಾಕೂಟಗಳಲ್ಲಂತೂ ಇನ್ನೂ ಮುಖ್ಯ. ಚುರುಕಾದ ಒಬ್ಬಳು ಹುಡುಗಿ ಇದ್ದರೆ ಖೋ ಖೋಗೂ ಅವಳೇ, ಕಬಡ್ಡಿಗೂ ಅವಳೇ, ರಿಲೇಗೂ ಅವಳೇ, ಎಲ್ಲ ಒಂದೇ ದಿನ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಆ ಹುಡುಗಿ ಮೂರನೇ ಆಟದಲ್ಲಿ ತಲೆತಿರುಗಿ ಬಿದ್ದರೆ ‘ಬೆಳಿಗ್ಗೆ ತಿಂಡಿ ತಿಂದಿಲ್ಲ’ ಎಂದು ಅವಳನ್ನೇ ಬೈಯುತ್ತೇವೆ.

‘ಖರ್ಚು ಹೇಗೆ ಸರಿದೂಗಿಸೋಣ?’

ಇದು ನ್ಯಾಯವಾದ ಪ್ರಶ್ನೆ. ತಂಡ ಹೆಚ್ಚಾದರೆ ಪ್ರವೇಶ ಶುಲ್ಕ ಹೆಚ್ಚು. ಆ ದುಡ್ಡಿನಲ್ಲೇ ಬಹುಮಾನ, ಲೈಟು, ಮೈಕು, ಪೆಂಡಾಲು. ಎರಡು ರಾತ್ರಿ ಮಾಡಿದರೆ ಬಾಡಿಗೆ ಎರಡರಷ್ಟು. ಊರಿನ ಯುವಕರು ಕೈಯಿಂದ ದುಡ್ಡು ಹಾಕಿ ಮಾಡುವ ಪಂದ್ಯಾವಳಿಗಳೂ ಇವೆ, ನನಗೆ ಗೊತ್ತು. ಅವರು ಇಲ್ಲದಿದ್ದರೆ ನಮ್ಮ ಕಡೆ ಕಬಡ್ಡಿಯೇ ಇರುತ್ತಿರಲಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಎಂಟು ತಂಡ ಅಂದರೆ 7 ಪಂದ್ಯ. ಅದೇ 45 ನಿಮಿಷದ ಲೆಕ್ಕದಲ್ಲಿ ಐದೂಕಾಲು ಗಂಟೆ. ಸಂಜೆ 5ಕ್ಕೆ ಶುರು ಮಾಡಿದರೆ ರಾತ್ರಿ ಹತ್ತೂಕಾಲಿಗೆ ಬಹುಮಾನ ಕೊಡಬಹುದು. ನಡುವೆ ವಿಶ್ರಾಂತಿ ಸೇರಿಸಿದರೂ ಹನ್ನೊಂದಕ್ಕೆ ಮುಗಿಯುತ್ತದೆ. ರಾತ್ರಿಯಿಡೀ ಜನರೇಟರ್‌ಗೆ ಸುರಿಯುವ ಡೀಸೆಲ್ ಉಳಿಯಿತು. ಹೆಂಗಸರು, ಮಕ್ಕಳು ಕೂತು ಫೈನಲ್ ನೋಡಿ ಮನೆಗೆ ಹೋಗಬಹುದು. ಈಗ ಫೈನಲ್ ನೋಡುವವರು ಯಾರು? ಸೋತ ತಂಡದವರು ಹೋಗಿರುತ್ತಾರೆ, ಊರಿನವರು ಕೊಟ್ಟಿಗೆ ಕೆಲಸಕ್ಕೆ ಎದ್ದಿರುತ್ತಾರೆ. ಬಹುಮಾನ ಕೊಡಲು ಬರಬೇಕಾದ ಅತಿಥಿಗಳು ರಾತ್ರಿಯೇ ಭಾಷಣ ಮುಗಿಸಿ ಹೋಗಿರುತ್ತಾರೆ.

ಟ್ರೋಫಿಯ ಎತ್ತರ ಒಂದಡಿ ಕಡಿಮೆ ಮಾಡಿ. ಆ ದುಡ್ಡಿನಲ್ಲಿ ಐಸು, ಓಆರ್‌ಎಸ್, ಪುಸ್ತಕ, ಲೆಕ್ಕ ಬರೆಯುವವರ ಊಟ ಎಲ್ಲ ಬರುತ್ತದೆ.

ಸಂಪ್ರದಾಯದ ಮಾತು ಬಂದರೆ ಯಕ್ಷಗಾನ ನೋಡಿ. ಬೆಳತನಕ ಆಟ ಆಡುತ್ತಿದ್ದ ಮೇಳಗಳೂ ಕಾಲಮಿತಿಗೆ ಬಂದವು. ಯಕ್ಷಗಾನ ಸತ್ತುಹೋಯಿತೇ? ಇನ್ನೊಂದು ಗಮನಿಸಿ. ಬೆಳತನಕ ಆಡುತ್ತಿದ್ದ ಕಾಲದಲ್ಲೂ ಒಬ್ಬನೇ ಕಲಾವಿದ ರಾತ್ರಿಯಿಡೀ ಕುಣಿಯುತ್ತಿರಲಿಲ್ಲ. ಮೊದಲು ಬಾಲಗೋಪಾಲರು, ಆಮೇಲೆ ಪೀಠಿಕೆ ಸ್ತ್ರೀವೇಷ, ಮುಖ್ಯ ವೇಷಗಳು ಹೊತ್ತು ಸರಿದ ಮೇಲೆ. ಭಾಗವತಿಕೆಯಲ್ಲೂ ಮೊದಲು ಸಂಗೀತಗಾರ ಹಾಡಿ, ಮುಖ್ಯ ಭಾಗವತರು ನಂತರ ಕೂರುತ್ತಿದ್ದರು. ಯಾರ ಮೈಗೆ ಎಷ್ಟು ಹೊರೆ ಎಂದು ಹಿರಿಯರು ಯೋಚಿಸಿಯೇ ಹಂಚಿದ್ದರು. ಗೆಜ್ಜೆ ಕಟ್ಟಿದವನಿಗೆ ಸಿಕ್ಕ ಮರ್ಯಾದೆ ಜರ್ಸಿ ಹಾಕಿದವನಿಗೆ ಯಾಕೆ ಇಲ್ಲ?

ನಾಯಕರೇ, ಇದು ನಿಮ್ಮ ಕೈಲಿದೆ

ಇಲಾಖೆ ಸುತ್ತೋಲೆ ಹೊರಡಿಸಲಿ ಎಂದು ಕಾಯುತ್ತಾ ಕೂತರೆ ಇನ್ನೊಂದು ಸೀಸನ್ ಹೋಗುತ್ತದೆ. ಸಂಘಟಕರು ತಾವಾಗಿ ಬದಲಾಗಲಿ ಎಂದರೂ ಅಷ್ಟೆ. ಶುಲ್ಕ ಕಟ್ಟುವವರು ನೀವು, ತಂಡದ ನಾಯಕರು. ಆಟಗಾರರು ಇಲ್ಲದೆ ಪಂದ್ಯಾವಳಿ ಇಲ್ಲ. ಹಾಗಾಗಿ ಈ ಸಲ ಪೋಸ್ಟರ್‌ನಲ್ಲಿರುವ ನಂಬರಿಗೆ ಫೋನ್ ಮಾಡಿದಾಗ ಬಹುಮಾನ ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಿ:

ಒಂದು, ಒಬ್ಬ ಆಟಗಾರನಿಗೆ ಒಂದು ರಾತ್ರಿಗೆ ಹೆಚ್ಚೆಂದರೆ ಮೂರು ಪಂದ್ಯ ಎನ್ನುವ ಮಿತಿ ಇದೆಯಾ?

ಎರಡು, ಎರಡು ಪಂದ್ಯದ ನಡುವೆ ಕನಿಷ್ಠ ಒಂದು ಗಂಟೆ ಬಿಡುತ್ತೀರಾ?

ಮೂರು, ಒಂದು ರಾತ್ರಿ ಒಬ್ಬನಿಗೆ ಒಂದೇ ತಂಡ ಎನ್ನುವ ನಿಯಮ ಇದೆಯಾ? ಪಕ್ಕದ ತಾಲ್ಲೂಕಿನ ಸಂಘಟಕರ ಜೊತೆ ಹೆಸರಿನ ಪಟ್ಟಿ ಹಂಚಿಕೊಳ್ಳುತ್ತೀರಾ? ವಾಟ್ಸಾಪ್ ಇದೆಯಲ್ಲ.

ನಾಲ್ಕು, ಆಡಿದ ಲೆಕ್ಕದ ಪುಸ್ತಕ ಇಡುತ್ತೀರಾ?

ಐದು, ಎದೆ ಒತ್ತಲು ಬರುವವರು ಒಬ್ಬರು, ಡ್ರೈವರ್ ಸಮೇತ ನಿಂತ ವಾಹನ ಒಂದು ಇರುತ್ತದಾ?

ಐದಕ್ಕೂ ಹೌದು ಅನ್ನದಿದ್ದರೂ ಎರಡಕ್ಕೆ ಹೌದು ಎಂದರೆ ಹೋಗಿ, ಆಡಿ, ಮುಂದಿನ ವರ್ಷ ಮೂರನೆಯದನ್ನು ಕೇಳಿ. ಒಂದಕ್ಕೂ ಹೌದು ಅನ್ನದಿದ್ದರೆ ತಂಡ ಕಳಿಸಬೇಡಿ. ನಾಲ್ಕು ಒಳ್ಳೆಯ ತಂಡ ಹಾಗೆ ಹೇಳಿದರೆ ಐದನೇ ಪೋಸ್ಟರ್‌ನಲ್ಲಿ ನಿಯಮ ಬದಲಾಗಿರುತ್ತದೆ. ನಿಮ್ಮ ತಂಡದಲ್ಲಿ ಏಳು ಜನರ ಜೊತೆ ಐದು ಬದಲಿ ಆಟಗಾರರಿಗೂ ಜಾಗ ಇದೆ. ಅವರು ಬೆಂಚಿನಲ್ಲಿ ಫೋಟೊಗೆ ಕೂತವರಲ್ಲ. ಅವರನ್ನು ಆಡಿಸಿ.

ಪೋಷಕರಿಗೂ ಒಂದು ಮಾತು. ಮಗ ಬೆಳಿಗ್ಗೆ ಕಪ್ ಹಿಡಿದು ಮನೆಗೆ ಬಂದಾಗ ‘ಎಷ್ಟು ಪಾಯಿಂಟ್ ತಂದೆ?’ ಎಂದು ಎಲ್ಲರೂ ಕೇಳುತ್ತಾರೆ. ನೀವು ‘ಎಷ್ಟು ಪಂದ್ಯ ಆಡಿದೆ, ನೀರು ಕುಡಿದೆಯಾ, ಎಲ್ಲಿ ನೋಯುತ್ತಿದೆ?’ ಎಂದು ಕೇಳಿ. ಅವತ್ತು ಒಂದು ದಿನ ಅವನನ್ನು ತೋಟಕ್ಕೆ ಕಳಿಸಬೇಡಿ.